ಕಬ್ಬಿನ ಹೊಲಕ್ಕೊಂದು ಬಂದೂಕು

ಕಳೆದ ಕಾರ್ತಿಕದಲ್ಲಿ, ಕಬ್ಬು ಆಳೆತ್ತರ ಮೀರಿ ನಿಂತು ಕಟಾವಿನ ಸರದಿಯನ್ನು ಕಾಯುತ್ತಿದ್ದ ದಿನಗಳಲ್ಲಿ, ಮೂಡಲಗಿಯ ಕಡೆಯಲ್ಲಿರುವ ನನ್ನ ಅಣ್ಣನ ಮಗನು ಬೆಳಗಿನ ಬಸ್ಸಿಗೆ ಗೋಕಾಕಕ್ಕೆ ಬಂದಿಳಿದು, ಚಹದ ಕಪ್ಪು ಕೈಗೆ ಬರುವ ಮುನ್ನವೇ ತಾನು ಬಂದ ಕಾರಣವನ್ನು ಹೇಳಿಬಿಟ್ಟನು: “ಕಾಕಾ, ಒಂದ ಬಂದೂಕ ತಗೋಬೇಕಂತ ಮಾಡೇನ್ರಿ. ರೈಫಲ್ಲ ಆದ್ರ ಭಾಳ ಛಲೋ. ಅಗ್ಗದಾಗ ಯಾವ್ದು ಬರತೈತಿ, ನೀವ ಹೇಳ್ರಿ.” ಅವನ ಹೆಂಡತಿಯ ತವರಿನವರದೊಂದು ನಾಲ್ಕೆಕರೆ ಹೊಲವು ಹುಕ್ಕೇರಿ ತಾಲೂಕಿನಲ್ಲಿ, ಹಿಡಕಲ್ ಜಲಾಶಯಕ್ಕೆ ಅನತಿದೂರದಲ್ಲಿ ಇರುವದು, ಅದನ್ನು ಈಗ ಇವನೇ ನೋಡಿಕೊಳ್ಳುತ್ತಾನೆ. ಗುಡ್ಡದ ಕಡೆಯಿಂದ ಇಳಿದು ಬರುವ ಕಾಡುಹಂದಿಗಳು ಕಬ್ಬಿನೊಳಗೆ ಹಗಲೆಲ್ಲ ಅಡಗಿದ್ದು, ರಾತ್ರಿ ಗೋವಿನಜೋಳದ ಸಾಲುಗಳನ್ನು ಉತ್ತಂತೆ ಕೆಡಹಿ ಹೋಗುವದು ಅವನ ಸಂಕಟ. ಆದರೆ ಸಂಕಟದ ಮಾತಿನ ಹಿಂದೆ ಶಿಕಾರಿಯ ಆಸೆಯೂ ಇತ್ತೆಂಬುದು ಅವನ ಕಣ್ಣಿನಲ್ಲಿ ಕಾಣುತ್ತಿತ್ತು. ಇಪ್ಪತ್ತಾರರ ಹರಯದಲ್ಲಿ ಅದು ಕಾಣದಿದ್ದರೇ ಆಶ್ಚರ್ಯ.

ನನ್ನನ್ನೇ ಕೇಳಲು ಬಂದದ್ದಕ್ಕೆ ಕಾರಣ, ನಮ್ಮ ತಂದೆಯವರು ಬಿಟ್ಟುಹೋದ ಜೋಡುನಳಿಗೆಯ 12 ಬೋರಿನ ಬಂದೂಕೊಂದು ನನ್ನ ಹೆಸರಿನಲ್ಲಿರುವದು. ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಲ್ಲಿದ್ದ ಕಾಲದಲ್ಲಿ, ಅಂದರೆ 1956ಕ್ಕೆ ಮುನ್ನ, ಅವರು ಪರವಾನಗಿ ಪಡೆದು ಕೊಂಡದ್ದು ಅದು. ಅಂದು ಮೊಲ, ಕವುಜುಗ, ಕಾಡುಕೋಳಿಗಳ ಬೇಟೆಗೆ ಸರಕಾರವೇ ಋತುವನ್ನು ನಿಗದಿಗೊಳಿಸಿ ಶುಲ್ಕ ಕಟ್ಟಿಸಿಕೊಂಡು ಚೀಟಿ ಕೊಡುತ್ತಿತ್ತು. 1951ರ ಮುಂಬಯಿ ವನ್ಯಮೃಗ ಮತ್ತು ವನ್ಯಪಕ್ಷಿ ಸಂರಕ್ಷಣಾ ಕಾನೂನೆಂಬುದು, ಹೆಸರಿನಲ್ಲಿ ಸಂರಕ್ಷಣೆಯಿದ್ದರೂ, ಬೇಟೆಗಾರನಿಗೆ ಬಾಗಿಲನ್ನು ಪೂರ್ಣ ಮುಚ್ಚಿದ್ದಿಲ್ಲ. ಆ ಬಾಗಿಲು ಪೂರ್ಣ ಮುಚ್ಚಿದ್ದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ 1991ರಲ್ಲಿ ಆದ ತಿದ್ದುಪಡಿಯಿಂದ. ಅದರಂತೆ ಬದಲಾದ 9ನೆಯ ಕಲಮು ಅನುಸೂಚಿಗಳಲ್ಲಿ ಹೆಸರಿಸಲ್ಪಟ್ಟ ಯಾವ ಪ್ರಾಣಿಯನ್ನೂ ಬೇಟೆಯಾಡತಕ್ಕದ್ದಲ್ಲವೆಂದು ವಿಧಿಸಿತು. ಆದದ್ದರಿಂದ “ಬೇಟೆಗೆ ಅಗ್ಗದ ಮೊದಲ ರೈಫಲ್ಲು ಯಾವದು?” ಎಂಬ ಪ್ರಶ್ನೆಯು ಅಮೆರಿಕದಲ್ಲಿಯೋ ಸ್ವೀಡನ್ನಿನಲ್ಲಿಯೋ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಚರ್ಚಿಸತಕ್ಕ ವಿಷಯವಾದರೂ, ಘಟಪ್ರಭೆಯ ದಂಡೆಯಲ್ಲಿ ಅದರ ಮೊದಲ ಶಬ್ದವನ್ನೇ ಹೊಡೆದುಹಾಕಿ ಪ್ರಾರಂಭಿಸಬೇಕಾಗುವದು. ಇದನ್ನು ನಾನು ಹೇಳಿದಾಗ ಹುಡುಗನ ಮೋರೆ ಸಣ್ಣದಾಯಿತು.

ನಮ್ಮ ಈ ಬಯಲುಸೀಮೆಯಲ್ಲಿ ಶಿಕಾರಿ ಎಂಬುದು ಮೊದಲಿನಿಂದಲೂ ಬಂದೂಕಿನ ವಿದ್ಯೆಯಾಗಿರಲಿಲ್ಲ, ನಾಯಿಯ ವಿದ್ಯೆಯಾಗಿತ್ತು. ಮೂಡಲಗಿಯಿಂದ ಪೂರ್ವಕ್ಕೆ ಹೋದರೆ ಸಿಗುವ ಮುಧೋಳವು ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದು, ಅಲ್ಲಿಯ ರಾಜಾಸಾಹೇಬ ಮಾಲೋಜಿರಾವ ಘೋರ್ಪಡೆಯವರು ಬೇಡರ ಹಟ್ಟಿಗಳಲ್ಲಿದ್ದ ತೆಳುನಡುವಿನ, ಉದ್ದಗಾಲಿನ ಬೇಟೆನಾಯಿಯನ್ನು ಆರಿಸಿ ಬೆಳೆಸಿ, ಒಂದು ಜೋಡಿಯನ್ನು ಇಂಗ್ಲಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರು. ಹಿಂಗಾರಿ ಜೋಳದ ಎರೆಭೂಮಿಯಲ್ಲಿ ಮೊಲದ ಬೆನ್ನಟ್ಟುವ ಆ ನಾಯಿಗೆ ಮದ್ದೂ ಬೇಡ, ಗುಂಡೂ ಬೇಡ. ಕೋವಿಯನ್ನು ಮನೆಯ ಮಗನಂತೆ ಕಾಣುವದು ದೂರದ ಕೊಡಗಿನ ಕ್ರಮ. ಅಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಅದಕ್ಕೆ ಪೂಜೆಯಾಗುವದು. ಕೊಡವರಿಗೂ ಜಮ್ಮಾ ಭೂಮಿಯವರಿಗೂ ಬ್ರಿಟಿಷರ ಕಾಲದಿಂದ ದೊರೆತ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರಕಾರವು 2029ರ ವರೆಗೆ ವಿಸ್ತರಿಸಿದೆ. ನಮಗೆ ಆ ಭಾಗ್ಯವಿಲ್ಲ, ಮತ್ತು ನಮ್ಮ ಕಡೆಯಲ್ಲಿ ಆಯುಧದ ಪರವಾನಗಿಯೆಂದರೆ ನೆನಪಾಗುವದು ಹಬ್ಬವಲ್ಲ, ಹಲಗಲಿ.

1857ರಲ್ಲಿ ಕಂಪನಿ ಸರಕಾರವು ಆಯುಧಗಳನ್ನು ತಂದು ದಾಖಲು ಮಾಡಿಸಿ ಪರವಾನಗಿ ಪಡೆಯಬೇಕೆಂದು ಕಾನೂನು ಮಾಡಿದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಕೊಡಲೊಲ್ಲೆವೆಂದು ನಿಂತರು. ಆ ವರ್ಷದ ನವೆಂಬರಿನ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು; ಜಡಗ, ಬಾಲರೆಂಬ ಹೆಸರುಗಳು ಲಾವಣಿಗೆ ಸೇರಿದವು; ಆ ಲಾವಣಿಯನ್ನು ಮುಂದೆ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿ ಅಚ್ಚುಹಾಕಿಸಿದನೆಂಬುದು ಇತಿಹಾಸದ ವಿನೋದಗಳಲ್ಲೊಂದು. 1878ರ ಲಿಟನ್ನನ ಶಸ್ತ್ರ ಕಾನೂನು, ಬಳಿಕ ಸ್ವತಂತ್ರ ಭಾರತದ 1959ರ ಶಸ್ತ್ರ ಅಧಿನಿಯಮ, ಅದರ ಮೇಲೆ 2016ರ ನಿಯಮಗಳು: ಹೀಗೆ ಮನೆಯ ಗೋಡೆಗೆ ತೂಗುಹಾಕಿದ ಬಂದೂಕಿನ ಹಿಂದೆ ಒಂದೂವರೆ ಶತಮಾನದ ಕಾಗದವು ತೂಗುತ್ತಿರುವದು.

ಆ ಕಾಗದವನ್ನು ಓದುವದರಲ್ಲಿ ಬೇಸರಪಡಬಾರದೆಂದು ನನ್ನ ಅಭಿಪ್ರಾಯ. ಏಕೆಂದರೆ ಹೊಸಬನಿಗೆ ಯಾವ ಬಂದೂಕು ಯೋಗ್ಯವೆಂಬ ಪ್ರಶ್ನೆಗೆ ಅಂಗಡಿಯವನಿಗಿಂತ ಸ್ಪಷ್ಟವಾದ ಉತ್ತರವನ್ನು 1959ರ ಅಧಿನಿಯಮದ 13ನೆಯ ಕಲಮೇ ಕೊಟ್ಟಿದೆ. ಆತ್ಮರಕ್ಷಣೆಗೋ ಕ್ರೀಡೆಗೋ 20 ಅಂಗುಲಕ್ಕೆ ಕಡಿಮೆಯಲ್ಲದ ನಳಿಗೆಯುಳ್ಳ, ಒಳಗೆ ತಿರುಪುಗೆರೆಗಳಿಲ್ಲದ ನುಣುಪು ನಳಿಗೆಯ ಬಂದೂಕನ್ನು ಕೇಳಿದರೆ, ಅಥವಾ ನಿಜವಾದ ಬೆಳೆರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಕೇಳಿದರೆ, ಅರ್ಜಿದಾರನಲ್ಲಿ ದೋಷವಿಲ್ಲದ ಪಕ್ಷದಲ್ಲಿ ಪರವಾನಗಿ ಕೊಡತಕ್ಕದ್ದೆಂದು ಅದು ಹೇಳುವದು. ಬಾಯಿಂದ ತುಂಬುವದು ಬೆಳೆ ಕಾಯಲು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯದನ್ನೂ ಕೊಡಬಹುದು. .22 ಬೋರಿನ ರೈಫಲ್ಲು ಅಥವಾ ಪರವಾನಗಿ ಬೇಕಾಗುವಂತಹ ಗಾಳಿಬಂದೂಕು ಬೇಕಾದವನು ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನಾಗಿ ಗುರಿಯಭ್ಯಾಸಕ್ಕೆಂದು ಕೇಳಬೇಕು. ಮಿಕ್ಕ ಯಾವ ರೈಫಲ್ಲಿಗೂ ‘ಸಕಾರಣ’ವನ್ನು ತೋರಿಸಬೇಕು, ಕಾರಣವು ಸಾಕೋ ಸಾಲದೋ ಎಂಬುದು ಅಧಿಕಾರಿಯ ವಿವೇಚನೆ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಅದೇ ಅಧಿನಿಯಮದ 14ನೆಯ ಕಲಮಿನಲ್ಲಿ, ಯಾರೂ ಗಮನಿಸದ ಒಂದು ಉಪವಾಕ್ಯ ಉಂಟು: ಅರ್ಜಿದಾರನಲ್ಲಿ ಸಾಕಷ್ಟು ಆಸ್ತಿಯಿಲ್ಲವೆಂಬುದೊಂದೇ ಕಾರಣದಿಂದ ಪರವಾನಗಿಯನ್ನು ನಿರಾಕರಿಸುವಂತಿಲ್ಲ. ಬಂದೂಕೆಂದರೆ ಗೌಡಕಿಯ ಲಾಂಛನವೆಂದು ತಿಳಿದ ನಮ್ಮ ಸೀಮೆಯಲ್ಲಿ ಈ ವಾಕ್ಯವನ್ನು ಚಾವಡಿಯ ಗೋಡೆಯ ಮೇಲೆ ಬರೆಯಿಸಬೇಕು.

ಕಾನೂನು ಒಂದು ಪಕ್ಕಕ್ಕಿರಲಿ. ಭೂಮಿಯೇ ರೈಫಲ್ಲನ್ನು ಬೇಡವೆನ್ನುವದು. ನಮ್ಮ ದೇಶದ ಸಾಮಾನ್ಯ ನಾಗರಿಕನಿಗೆ ಸಿಗುವ ದೊಡ್ಡ ರೈಫಲ್ಲೆಂದರೆ ಬಂಗಾಲದ ಈಶಾಪುರದ ಸರಕಾರಿ ಕಾರ್ಖಾನೆಯಲ್ಲಿ ತಯಾರಾಗುವ .315 ಬೋರಿನದು. ಹಿಂದಿನ ಸೈನ್ಯದ .303 ಲೀ-ಎನ್‌ಫೀಲ್ಡ್ ರೈಫಲ್ಲಿನ ರಚನೆಯನ್ನೇ ಇಟ್ಟುಕೊಂಡು, ಸೈನ್ಯದ ತೋಟಾ ಹೊಂದದಂತೆ ಬೋರನ್ನು ಮಾತ್ರ ಬದಲಿಸಿದ ಗಟ್ಟಿಮುಟ್ಟಾದ ಯಂತ್ರ ಅದು. ಅದನ್ನು ನಿಂದಿಸುವ ಕಾರಣವಿಲ್ಲ. ಆದರೆ ಅದರ ಗುಂಡು ಗುರಿ ತಪ್ಪಿದರೆ ಮೈಲಿ ದಾಟಿ ಹೋಗುವದು. ಗೋಕಾಕದಿಂದ ಮೂಡಲಗಿಯ ವರೆಗೆ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಈ ಸಮತಲದಲ್ಲಿ ಗುಂಡನ್ನು ತಡೆಯುವ ಗುಡ್ಡವೆಲ್ಲಿ? ಇಲ್ಲಿ ಊರೂರಿನ ನಡುವೆ ಹೊಲಮನೆಗಳು, ಹೊಲಮನೆಗಳ ನಡುವೆ ಕಬ್ಬು ಕಡಿಯಲು ಬಂದವರ ಗುಡಿಸಲುಗಳು, ಗುಡಿಸಲುಗಳ ನಡುವೆ ರಾತ್ರಿ ನೀರು ಹಾಯಿಸಲು ಬ್ಯಾಟರಿ ಹಿಡಿದು ತಿರುಗುವ ರೈತರು. ಕತ್ತಲೆಯಲ್ಲಿ ಕಬ್ಬಿನ ರವದಿ ಸರಸರವೆಂದರೆ ಅದು ಹಂದಿಯೋ ನೆರೆಯವನೋ ಎಂಬುದನ್ನು ಗುಂಡು ವಿಚಾರಿಸುವದಿಲ್ಲ. ಚಿಕ್ಕ .22 ಬೋರಿನ ಗುಂಡು ಕೂಡ ಒಂದು ಮೈಲಿಯಷ್ಟು ಹಾರಬಲ್ಲದೆಂದು ಕೇಳಿದಾಗ ನಮ್ಮ ಹುಡುಗನು ಮೊದಲ ಬಾರಿಗೆ ಚಹದ ಕಪ್ಪನ್ನು ಕೆಳಗಿಟ್ಟನು.

ನುಣುಪು ನಳಿಗೆಯ 12 ಬೋರಿನ ಗುಣವೇ ಅದರ ದೌರ್ಬಲ್ಯ. ಒಂದು ಪೌಂಡು ಸೀಸದಿಂದ 12 ಸಮಗಾತ್ರದ ಗುಂಡುಗಳನ್ನು ಎರಕ ಹೊಯ್ದರೆ ಅವುಗಳಲ್ಲೊಂದು ಯಾವ ನಳಿಗೆಯಲ್ಲಿ ಸರಿಯಾಗಿ ಕೂಡುವದೋ ಅದು 12 ಬೋರು. ಇಂದಿನ ಅಳತೆಯಲ್ಲಿ ಹದಿನೆಂಟೂವರೆ ಮಿಲಿಮೀಟರಿನ ವ್ಯಾಸ. ತೋಟಾದೊಳಗಿನ ಚರೆಗಳು ಹೊರಬಿದ್ದೊಡನೆ ಚದುರತೊಡಗಿ ನಾಲ್ವತ್ತು ಗಜದಾಚೆಗೆ ಬಲಗುಂದುವವು. ಸಣ್ಣ ಚರೆಯಾದರೆ ಮುನ್ನೂರು ಗಜದೊಳಗೆ ನೆಲ ಸೇರುವವು. ದಪ್ಪ ಚರೆಗಳು ಇದಕ್ಕಿಂತ ದೂರ ಹೋಗುವದರಿಂದ ಅವುಗಳ ವಿಷಯದಲ್ಲಿ ಇಷ್ಟು ನಿಶ್ಚಿಂತೆ ಸಲ್ಲದು. ಆದರೂ ಹೊಲದ ಮೇಲೆ ಹಿಂಡು ಬಂದಾಗ ಆಕಾಶಕ್ಕೊಂದು ಈಡು ಹಾರಿಸಿ ಬೆದರಿಸುವದೇ ರೈತನಿಗೆ ನಿತ್ಯದ ಉಪಯೋಗವಾದ ಮೇಲೆ, ಆ ಕೆಲಸಕ್ಕೆ ಒಂಟಿನಳಿಗೆಯ 12 ಬೋರಿಗಿಂತ ಮಿಗಿಲಾದದ್ದೂ ಅಗ್ಗವಾದದ್ದೂ ಇಲ್ಲ. ಬ್ಯಾಂಕಿನ ಬಾಗಿಲಲ್ಲಿ ನಿವೃತ್ತ ಸೈನಿಕನ ಹೆಗಲಿಗೆ ತೂಗುವ ಜೋಡುನಳಿಗೆಯದು ಅದರ ಅಣ್ಣ. ಎರಡನೆಯ ಈಡಿಗೆ ಅವಕಾಶವಿರುವದೊಂದೇ ವ್ಯತ್ಯಾಸ, ತೂಕವೂ ಬೆಲೆಯೂ ಅದಕ್ಕನುಗುಣ. ತಿರುಚಿನಾಪಳ್ಳಿಯ ಕಾರ್ಖಾನೆಯ ಪಂಪ್ ಬಂದೂಕು ಇನ್ನೂ ಬೆಲೆಯುಳ್ಳದ್ದು. ಹೊಸಬನಿಗೆ ಅದರ ಅವಶ್ಯಕತೆಯಿಲ್ಲ.

ಬಾಯಿಯಿಂದ ಮದ್ದು ತುಂಬುವ ನಾಡಬಂದೂಕು ಎಲ್ಲಕ್ಕಿಂತ ಅಗ್ಗವೆಂಬುದು ನಿಜ, ಮತ್ತು ಕಾನೂನು ರೈತನಿಗೆ ಮೊದಲು ತೋರಿಸುವದೂ ಅದನ್ನೇ. ಆದರೆ ಅದರ ಶಿಸ್ತು ದೊಡ್ಡದು. ಕರಿಮದ್ದನ್ನು ಅಳೆದು ಸುರಿದು, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ಜಡಿದು, ಕೇಪು ಇಡಬೇಕು. ಮೃಗದ ಮಳೆಯಲ್ಲಿ ಕೇಪು ನೆನೆದರೆ ಎಲ್ಲ ಶ್ರಮವೂ ವ್ಯರ್ಥ. ಅದಕ್ಕಿಂತ ಕೆಟ್ಟದ್ದು, ನಿನ್ನೆ ತುಂಬಿಟ್ಟದ್ದನ್ನು ಮರೆತು ಇಂದು ಮತ್ತೊಮ್ಮೆ ತುಂಬುವದು. ಎರಡು ಪಾಲು ಮದ್ದಿಗೆ ನಳಿಗೆ ಸೀಳಿ ಬೆರಳುಗಳನ್ನು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಬರಿದಾದ ನಳಿಗೆಯಲ್ಲಿ ಗಜವನ್ನು ಪೂರ್ತಿ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೊಂದು ಗೆರೆ ಕೊರೆದಿಡುವದು ಹಳಬರ ಉಪಾಯ. ಗೆರೆ ಬಾಯಿಯಿಂದ ಮೇಲೆ ನಿಂತರೆ ಒಳಗೆ ಮದ್ದು ಉಂಟೆಂದು ತಿಳಿಯುವದು. ಇಷ್ಟು ಎಚ್ಚರವಿಲ್ಲದವನಿಗೆ ನಾಡಬಂದೂಕು ಅಗ್ಗವಲ್ಲ.

ಹೊಸದಕ್ಕೆ ಹಣ ಸಾಲದವನು ಹಳೆಯದನ್ನು ನೋಡುವದು ಸಹಜ, ಮತ್ತು ಇಲ್ಲಿಯೇ ಮೋಸಹೋಗುವ ಸಂಭವ ಹೆಚ್ಚು. ಹುಡುಗನನ್ನು ಮಾಡಿಗೆ ಕರೆದೊಯ್ದು ತಂದೆಯವರ ಬಂದೂಕನ್ನು ಕೈಗಿತ್ತೆನು. ಯಾವ ಬಂದೂಕನ್ನೇ ಆಗಲಿ ಕೈಗೆ ತೆಗೆದುಕೊಂಡೊಡನೆ ಮೊದಲು ಅದನ್ನು ಮುರಿದು, ಎಂದರೆ ಕೀಲಿನಲ್ಲಿ ಬಾಗಿಸಿ ತೆರೆದು, ತೋಟಾ ಇಲ್ಲವೆಂಬುದನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಬೇಕು. ಕೊಟ್ಟವನು ಈಗ ತಾನೇ ನೋಡಿದ್ದರೂ ಅಷ್ಟೇ. ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ಒಳ್ಳೆಯ ನಳಿಗೆಯಲ್ಲಿ ಬೆಳಕು ನಿಂತ ಬಾವಿಯ ನೀರಿನ ವರ್ತುಲಗಳಂತೆ ಸರಿಯಾಗಿ ಒಂದರೊಳಗೊಂದು ಕಾಣುವದು. ವರ್ತುಲವು ಎಲ್ಲಿ ಸೊಟ್ಟಗಾಗುವದೋ ಅಲ್ಲಿ ತಗ್ಗು ಬಿದ್ದಿದೆಯೆಂದು ತಿಳಿಯಬೇಕು. ಕಪ್ಪು ಚುಕ್ಕೆಗಳು ತುಕ್ಕು ತಿಂದ ಕುಳಿಗಳು. ಬಾಯಿಯ ಕಡೆ ಒಂದೆರಡಿದ್ದರೆ ಸಹಿಸಬಹುದು, ತೋಟಾ ಕೂಡುವ ಕಡೆ ಇದ್ದರೆ ಕೈಮುಗಿದು ಮರಳಿಸಬೇಕು. ಮುಚ್ಚಿದ ಬಂದೂಕನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸಿದರೆ ಕೀಲು ಸಡಿಲವಾಗಿದ್ದಲ್ಲಿ ಸದ್ದು ಕೇಳಿಸುವದು. ನಳಿಗೆಯ ಮೈಮೇಲೆ ನೀರಿನ ಸುಳಿಗಳಂತಹ ಚಿತ್ತಾರವಿದ್ದರೆ ಅದು ಕಬ್ಬಿಣ ಉಕ್ಕುಗಳ ಪಟ್ಟಿಯನ್ನು ಸುತ್ತಿ ಬೆಸೆದು ಮಾಡಿದ ಹಳೆಯ ದಮಾಸ್ಕಸ್ ನಳಿಗೆ; ನೋಡಲು ಅತಿ ಸುಂದರ, ಕರಿಮದ್ದಿನ ಕಾಲಕ್ಕೆ ಸಾಕು, ಇಂದಿನ ತೋಟಾದ ಒತ್ತಡಕ್ಕೆ ಅದನ್ನು ನಂಬಲಾಗದು. ಕೊನೆಗೆ ಕಣ್ಣು ಮುಚ್ಚಿ ಹೆಗಲಿಗೇರಿಸಿ, ಕೆನ್ನೆಯನ್ನು ಮರಕ್ಕೆ ಆನಿಸಿ, ಕಣ್ಣು ತೆರೆದಾಗ ನಳಿಗೆಯ ತುದಿಯ ಮಣಿಯು ನೇರವಾಗಿ ಎದುರಿಗಿರಬೇಕು. ಇಲ್ಲದಿದ್ದರೆ ಬಂದೂಕು ಬೇರೊಬ್ಬರ ಮೈಯಳತೆಯದು. ಪರರ ಅಂಗಿ ತೊಟ್ಟಂತೆಯೇ. ನಮ್ಮ ತಂದೆಯವರು ಗಿಡ್ಡರು, ಹುಡುಗನು ಆರಡಿಯವನು. ಮಣಿಯು ಅವನಿಗೆ ಎದುರಾಗಲೇ ಇಲ್ಲ.

ಖಾಸಗಿಯಾಗಿ ಕೈಬದಲಾಗುವ ಬಂದೂಕಿನ ವಿಷಯದಲ್ಲಿ, ಮಾರುವವನು ಜಿಲ್ಲಾ ದಂಡಾಧಿಕಾರಿಗಳಿಗೋ ಸಮೀಪದ ಪೊಲೀಸ್ ಠಾಣೆಗೋ ಬರಹದಲ್ಲಿ ತಿಳಿಸಿ 45 ದಿವಸ ಕಾಯಬೇಕು, ಕೊಳ್ಳುವವನ ಬಳಿ ಆ ವೇಳೆಗೆ ಪರವಾನಗಿ ಇರಲೇಬೇಕು. ಸಂತೆಯಲ್ಲಿ ಎಮ್ಮೆ ಕೊಂಡಂತೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮುಗಿಸುವ ವ್ಯಾಪಾರವಲ್ಲ. 2019ರ ತಿದ್ದುಪಡಿಯ ಬಳಿಕ ಒಬ್ಬನು ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಇಡುವಂತಿಲ್ಲ. ಪರವಾನಗಿಯ ಅವಧಿಯು ಮೂರರಿಂದ ಐದು ವರ್ಷಕ್ಕೇರಿದೆ.

ಬೆಲೆಯೆಂದರೆ ಬಂದೂಕಿನ ಬೆಲೆಯಷ್ಟೇ ಎಂದು ಹುಡುಗನು ಲೆಕ್ಕ ಹಾಕಿದ್ದನು. ಅರ್ಜಿಯ ಶುಲ್ಕ, ವೈದ್ಯರ ಪ್ರಮಾಣಪತ್ರ, ಸುರಕ್ಷಿತ ಬಳಕೆಯ ತರಬೇತಿಯ ಪ್ರಮಾಣಪತ್ರ, ಕೀಲಿ ಹಾಕಿ ಭದ್ರವಾಗಿಡುವ ಪೆಟ್ಟಿಗೆ, ಎಣ್ಣೆ, ಬ್ರಶ್ಶು, ಗಜ, ಪರವಾನಗಿಯಲ್ಲಿ ಬರೆದ ಮಿತಿಯೊಳಗಿನ ತೋಟಾಗಳು, ಇವೆಲ್ಲ ಬೇರೆ. ಚುನಾವಣೆ ಬಂದಾಗ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕು. ಲೋಕಸಭೆಗೊಮ್ಮೆ, ವಿಧಾನಸಭೆಗೊಮ್ಮೆ, ಕೆಲವೊಮ್ಮೆ ಪಂಚಾಯತಿಗೂ. ನನ್ನ ಬಂದೂಕು ನನ್ನ ಮನೆಯಲ್ಲಿ ಹಾರಿದ್ದಕ್ಕಿಂತ ಹೆಚ್ಚು ಸಲ ಠಾಣೆಗೆ ಪ್ರಯಾಣ ಮಾಡಿದೆ.

ಇನ್ನು ಹುಕ್ಕೇರಿಯ ಹೊಲದ ಮಾತು. ಗೋಕಾಕ ತಾಲೂಕಿನ ಧೂಪದಾಳದಲ್ಲಿ 1897ರ ಸುಮಾರಿಗೆ ಘಟಪ್ರಭೆಗೆ ಕಟ್ಟಿದ ಒಡ್ಡಿನ ಹಿನ್ನೀರು ಹರಡಿಕೊಂಡ ಪ್ರದೇಶವು 1974ರಿಂದ ಪಕ್ಷಿಧಾಮ. ಅದರ ವಿಸ್ತೀರ್ಣ 29.78 ಚದರ ಕಿಲೋಮೀಟರು. ಚಳಿಗಾಲದಲ್ಲಿ ಮಧ್ಯ ಏಶಿಯದ ಕಡೆಯಿಂದ ಕರ್ಕರ ಕೊಕ್ಕರೆಗಳು ಹಿಂಡುಹಿಂಡಾಗಿ ಬಂದು ಇಲ್ಲಿಯ ಮರಳದಿಬ್ಬಗಳ ಮೇಲೆ ತಂಗುವವು. ವನ್ಯಜೀವಿ ಅಧಿನಿಯಮದ 34ನೆಯ ಕಲಮಿನಂತೆ ಅಭಯಾರಣ್ಯದ ಸುತ್ತ 10 ಕಿಲೋಮೀಟರಿನೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿಯಿಲ್ಲದೆ ಹೊಸ ಪರವಾನಗಿ ಕೊಡುವಂತಿಲ್ಲ. ನಕಾಶೆಯನ್ನು ಬಿಡಿಸಿ ಕೈವಾರದಿಂದ ಸುತ್ತು ಎಳೆದರೆ ಗೋಕಾಕ, ಹುಕ್ಕೇರಿ ತಾಲೂಕುಗಳ ಎಷ್ಟೊಂದು ಹಳ್ಳಿಗಳು ಅದರೊಳಗೆ ಬೀಳುವವು! ಹೆಂಡತಿಯ ತವರೂ ಬಿತ್ತು.

“ಹಂಗಾರ ಹಂದಿ ಬಂದ್ರ ಏನ್ ಮಾಡೂದ್ರಿ, ಆರತಿ ಎತ್ತೂದೇನ್ರಿ?” ಎಂದನು. ಪ್ರಶ್ನೆಯಲ್ಲಿ ಕೋಪವಿತ್ತು, ಕೋಪದಲ್ಲಿ ನ್ಯಾಯವೂ ಇತ್ತು. ವನ್ಯಜೀವಿ ಅಧಿನಿಯಮದ 11ನೆಯ ಕಲಮಿನಲ್ಲಿ ಒಂದು ಕಿಂಡಿ ಉಂಟು. ಮನುಷ್ಯಜೀವಕ್ಕೆ ಅಥವಾ ನಿಂತ ಬೆಳೆಯೂ ಸೇರಿದ ಆಸ್ತಿಗೆ ಅಪಾಯಕಾರಿಯಾದ ಎರಡನೆಯ ಅನುಸೂಚಿಯ ಪ್ರಾಣಿಯನ್ನು (2022ರ ತಿದ್ದುಪಡಿಯ ಅನಂತರ ಕಾಡುಹಂದಿ ಇರುವದು ಇದರಲ್ಲಿಯೇ) ಕೊಲ್ಲಲು ಮುಖ್ಯ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಅನುಮತಿಸಬಹುದು. ಹಾಗೆ ಕೊಂದ ಪ್ರಾಣಿಯು ಸರಕಾರದ ಸೊತ್ತು, ಬೇಟೆಗಾರನ ಒಲೆಗೆ ಹೋಗುವಂತಿಲ್ಲ. ಬಂದೂಕಿನ ಪರವಾನಗಿಯೇ ಬೇರೆ, ಕೊಲ್ಲುವ ಅನುಮತಿಯೇ ಬೇರೆ. ಮೊದಲನೆಯದನ್ನು ಎರಡನೆಯದೆಂದು ಭ್ರಮಿಸಿದವನು, ಹೊಲದಲ್ಲಿ ಮೇಯುವ ನವಿಲಿನ ಮೇಲೆ ಒಂದು ಈಡು ಹಾರಿಸಿದರೆ, ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸಕ್ಕೆ ಗುರಿಯಾಗುವನು. ಬೇಲಿಗೆ ಕರೆಂಟು ಬಿಡುವದು, ಹಣ್ಣಿನಲ್ಲಿ ಸಿಡಿಮದ್ದು ಹುದುಗಿಸಿಡುವದು ಮುಂತಾದ ಅಗ್ಗದ ಉಪಾಯಗಳನ್ನು ಅವನು ಎತ್ತುವ ಮುನ್ನವೇ ನಾನು ಗದರಿದೆನು. ಅವುಗಳಿಗೆ ಹಂದಿಯೂ ಒಂದೇ, ಮೇಯಲು ಬಂದ ಆಕಳೂ ಒಂದೇ, ಮಗುವೂ ಒಂದೇ.

ಎಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದವನಿಗೆ ನಾನು ಹೇಳಿದ್ದಿಷ್ಟು: ಮೂಡಲಗಿಯ ನಿನ್ನ ವಾಸದ ಮನೆಯ ವಿಳಾಸದಿಂದ, ಬೆಳೆರಕ್ಷಣೆಗೆಂದು, ಒಂಟಿನಳಿಗೆಯ 12 ಬೋರಿಗೆ ಅರ್ಜಿ ಹಾಕು, ಹುಕ್ಕೇರಿಯ ಹೊಲ ಎಲ್ಲಿದೆಯೆಂಬುದನ್ನು ಮುಚ್ಚಿಡದೆ ಬರೆ, ಉತ್ತರ ಬರುವ ವರೆಗೆ ಒಂದು ಗಾಳಿಬಂದೂಕು ತೆಗೆದುಕೊ. 4.5 ಮಿಲಿಮೀಟರಿನ, ಅಂದರೆ .177 ಬೋರಿನ ಒಳಗಿನ, 20 ಜೌಲು ಮೀರದ ಶಕ್ತಿಯ ಗಾಳಿಬಂದೂಕಿಗೆ ಈಗಿನ ನಿಯಮದಂತೆ ಪರವಾನಗಿ ಬೇಕಿಲ್ಲ. ಹಕ್ಕಿಯ ಮೇಲೆ ಹಾರಿಸುವ ಹಕ್ಕು ಅದರಿಂದ ಬರುವದಿಲ್ಲ. ಆದರೆ ಉಸಿರು ಹಿಡಿಯುವದು, ಕುದುರೆಯನ್ನು ಜಗ್ಗದೆ ಮೆಲ್ಲಗೆ ಒತ್ತುವದು, ನಳಿಗೆಯ ಬಾಯಿಯನ್ನು ಎಂದೂ ಮನುಷ್ಯನ ಕಡೆ ತಿರುಗಿಸದಿರುವದು, ಗುರಿಯ ಹಿಂದೆ ಏನಿದೆಯೆಂದು ಮೊದಲು ನೋಡುವದು, ಇವನ್ನೆಲ್ಲ ಅದು ದೊಡ್ಡ ಬಂದೂಕಿನಷ್ಟೇ ಚೆನ್ನಾಗಿ ಕಲಿಸುವದು, ಮತ್ತು ತಪ್ಪಿದ್ದಕ್ಕೆ ತೋಟಾದ ದಂಡ ತೆತ್ತಿಸುವದಿಲ್ಲ. ಹಿಮಾಲಯದ ನರಭಕ್ಷಕಗಳನ್ನು ಕೊಂದ ಜಿಮ್ ಕಾರ್ಬೆಟ್ಟನೇ ಬಾಲ್ಯದಲ್ಲಿ ಒಂದು ನಳಿಗೆ ಸೀಳಿದ್ದ, ಬಾಯಿಯಿಂದ ತುಂಬುವ ಜೋಡುನಳಿಗೆಯಿಂದ ಕಲಿತವನು.

ಸಂಕ್ರಮಣಕ್ಕೆ ಅವನ ಮನೆಗೆ ಹೋಗಿದ್ದೆನು. ಹಿತ್ತಲಿನ ಮಣ್ಣಗೋಡೆಗೆ ಕರದಂಟಿನ ಖಾಲಿ ಡಬ್ಬಿಯೊಂದನ್ನು ಆನಿಸಿಟ್ಟು, ಹತ್ತು ಮೀಟರಿನ ದೂರದಲ್ಲಿ ಗೋಣಿಚೀಲದ ಮೇಲೆ ಬೋರಲಾಗಿ ಮಲಗಿದ್ದನು. ಪಕ್ಕದಲ್ಲಿ ಅವನ ಹೆಂಡತಿ ಹಳೆಯ ವಹಿಯೊಂದರಲ್ಲಿ ಎಣಿಕೆ ಬರೆಯುತ್ತಿದ್ದಳು. ಹತ್ತರಲ್ಲಿ ಆರು ಅವನದು, ಎಂಟು ಅವಳದು. ಅರ್ಜಿಯ ಉತ್ತರ ಬಂದಿರಲಿಲ್ಲ. ಹಿಂದಿನ ಶನಿವಾರ ರಾತ್ರಿ ಹಂದಿಗಳು ಮತ್ತೆ ಇಳಿದು ಎರಡು ಗುಂಟೆಯಷ್ಟು ಗೋವಿನಜೋಳ ತುಳಿದವೆಂದೂ, ಮಾವನೂ ತಾನೂ ಡಬ್ಬಿ ಬಡಿದು ಕೂಗಿ ಅಟ್ಟಿದೆವೆಂದೂ ಹೇಳಿ, ಮತ್ತೆ ಬಗ್ಗಿ ಕಣ್ಣು ಕಿರಿದು ಮಾಡಿದನು. “ಸುಮ್ನಿರ್ರಿ ಕಾಕಾ,” ಎಂದಳು ಅವಳು, “ಮಾತಾಡಸಿದ್ರ ತಪ್ಪತಾರ.”